ಸೈಕಲ್ ಒಳಗೆ ಹೋಗಬೇಕು, ಜೇಬು ಖಾಲಿ ಆಗಬಾರದು

ಪ್ರಶ್ನೆ: ನನಗೆ 23 ವರ್ಷ. ಊರು ಚಿಕ್ಕಬಳ್ಳಾಪುರ, ಕೆಲಸ ದೇವನಹಳ್ಳಿ ಕಡೆ, ದಿನಾ ಬಸ್ಸಲ್ಲೇ ಓಡಾಟ. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ನಂದಿ ಬೆಟ್ಟಕ್ಕೆ ಹೋಗಿಬರುತ್ತೇನೆ. ಕಾರಿನ ಲೈಸೆನ್ಸ್ ಬಂದು ಮೂರು ತಿಂಗಳಾಯಿತು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು, ಮತ್ತೆ ಸೈಕಲ್ ಹಾಕಿಕೊಂಡು ದೇವರಾಯನದುರ್ಗ, ಹಾರ್ಸ್ಲಿ ಹಿಲ್ಸ್ ಕಡೆ ಹೋಗಲು ಒಂದು ಕಾರು ಬೇಕು. ಕೈಯಲ್ಲಿರೋದು ಮೂರೂವರೆ ಲಕ್ಷ, ಎಳೆದರೆ ನಾಲ್ಕು. ಅಪ್ಪ ಆಲ್ಟೊ ಅನ್ನುತ್ತಾರೆ. ಮಾವ ಹಳೇ ಡೀಸೆಲ್ ಸ್ವಿಫ್ಟ್ ತೋರಿಸುತ್ತಿದ್ದಾರೆ. ಗೆಳೆಯರದ್ದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹಟ. ಯಾರ ಮಾತು ಕೇಳಲಿ?
— ಒಬ್ಬ ಸೈಕಲ್ ಸವಾರ, ಚಿಕ್ಕಬಳ್ಳಾಪುರ

ಉತ್ತರ: ಸೈಕಲ್ ಮಾತು ಕೇಳಿ. ತಮಾಷೆ ಅಲ್ಲ. ಕಾರು ನೋಡಲು ಹೋಗುವಾಗ ಸೈಕಲ್ಲನ್ನೂ ತುಳಿದುಕೊಂಡೇ ಹೋಗಿ, ಮಾರುವವರ ಮನೆ ಮುಂದೆಯೇ ಹಿಂದಿನ ಸೀಟು ಮಡಚಿ ಒಳಗೆ ಇಟ್ಟು ನೋಡಿ. ಅವರು ಒಂಥರಾ ನೋಡುತ್ತಾರೆ, ನೋಡಲಿ. ಡಿಕ್ಕಿ ಎಷ್ಟು ಲೀಟರ್ ಅನ್ನೋ ಲೆಕ್ಕ ಸೂಟ್‌ಕೇಸಿಗೆ ಸರಿ, ಸೈಕಲ್‌ಗೆ ಅದರಿಂದ ಏನೂ ಗೊತ್ತಾಗೋದಿಲ್ಲ. ನನ್ನ ರೋಡ್ ಬೈಕು ಪೂರ್ತಿ ಉದ್ದ ಐದೂವರೆ ಅಡಿ. ಮುಂದಿನ ಚಕ್ರ ಬಿಚ್ಚಿದರೆ ನಾಲ್ಕೂವರೆ ಅಡಿಗೆ ಇಳಿಯುತ್ತದೆ. ಎರಡೂ ಬಿಚ್ಚಿದರೆ ಉಳಿಯೋದು ಬರೀ ಫ್ರೇಮು, ಅದು ಯಾವ ಹ್ಯಾಚ್‌ಬ್ಯಾಕ್‌ನಲ್ಲೂ (ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ಏಳುವ ಸಣ್ಣ ಕಾರು) ಸುಲಭವಾಗಿ ಮಲಗುತ್ತದೆ. ಹಾಗಾಗಿ ಅಳೆಯಬೇಕಾದ್ದು ಡಿಕ್ಕಿಯ ಬಾಯಿ ಎಷ್ಟು ಅಗಲ, ಅದರ ಹೊಸ್ತಿಲು ಎಷ್ಟು ಎತ್ತರ, ಮತ್ತೆ ಸೀಟು ಮಡಚಿದಾಗ ನೆಲ ಸಮ ಇರುತ್ತಾ ಇಲ್ಲಾ ನಡುವೆ ಮೆಟ್ಟಿಲು ಬರುತ್ತಾ ಅನ್ನೋದು.

ಈ ಲೆಕ್ಕದಲ್ಲಿ ಸೆಡಾನ್, ಅಂದರೆ ಡಿಕ್ಕಿ ಹಿಂದೆ ಬೇರೆಯಾಗಿ ಚಾಚಿಕೊಂಡಿರೋ ಕಾರು, ಮೊದಲೇ ಹೊರಗೆ. ಡಿಕ್ಕಿ ದೊಡ್ಡದಿರಬಹುದು, ಬಾಯಿ ಸಣ್ಣದು, ಎಷ್ಟೋ ಸೆಡಾನ್‌ಗಳಲ್ಲಿ ಹಿಂದಿನ ಸೀಟು ಮಡಚೋದೇ ಇಲ್ಲ. ಸಿಎನ್‌ಜಿ ಕಾರೂ ಬೇಡ. ಮೈಲೇಜು ನೋಡಿ ಮನಸ್ಸು ಓಡುತ್ತದೆ, ನಿಜ, ಆದರೆ ಡಿಕ್ಕಿ ತೆಗೆದರೆ ಅಲ್ಲಿ ಸಿಲಿಂಡರ್ ಆರಾಮಾಗಿ ಮಲಗಿರುತ್ತದೆ, ನಿಮ್ಮ ಸೈಕಲ್ ಎಲ್ಲಿ ಮಲಗಬೇಕು? ಮಾವನ ಡೀಸೆಲ್ ಸ್ವಿಫ್ಟ್ ಎಂಜಿನ್ ಚೆನ್ನಾಗಿತ್ತು, ಇಲ್ಲ ಅನ್ನೋದಿಲ್ಲ. ಆದರೆ ನೀವು ತಿಂಗಳಿಗೆ ನಾನೂರು ಕಿಲೋಮೀಟರ್ ಓಡಿಸಿದರೆ ಹೆಚ್ಚು, ಅಷ್ಟಕ್ಕೆ ಹಳೇ ಇಂಜೆಕ್ಟರ್ರು, ಟರ್ಬೊ ಖರ್ಚು ಹೊರೋದು ಯಾಕೆ? ಎಸ್‌ಯುವಿ ವಿಷಯಕ್ಕೆ ನಾನು ಹೋಗೋದೇ ಇಲ್ಲ. ನಾಲ್ಕು ಲಕ್ಷಕ್ಕೆ ಸಿಗುವ ಎಸ್‌ಯುವಿ ಗೆಳೆಯರು ಹತ್ತೋಕೆ ಚೆಂದ, ರಿಪೇರಿ ಬಿಲ್ ಬರೋದು ನಿಮ್ಮ ಹೆಸರಿಗೆ.

ಉಳಿದದ್ದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಿಮ್ಮ ದುಡ್ಡಿಗೆ ಎರಡು ನೋಡಬಹುದು. ಒಂದು, 2019ರ ಜನವರಿಯಲ್ಲಿ ಬಂದ ಹೊಸ ಮೈಕಟ್ಟಿನ ವ್ಯಾಗನ್‌ಆರ್. ಎತ್ತರದ ಡಬ್ಬಿ, 341 ಲೀಟರ್ ಡಿಕ್ಕಿ, ಬಾಯಿ ಅಗಲ. ಸೀಟು ಮಡಚಿ, ಮುಂದಿನ ಚಕ್ರ ಒಂದನ್ನೇ ಬಿಚ್ಚಿದರೆ ಸಾಮಾನ್ಯ ಅಳತೆಯ ಸೈಕಲ್ ಹೋಗುತ್ತದೆ. ಕೆಲವು ವೇರಿಯಂಟ್‌ಗಳಲ್ಲಿ ಹಿಂದಿನ ಸೀಟು 60:40 ಅಂತ ಎರಡು ಭಾಗವಾಗಿ ಬೇರೆ ಬೇರೆ ಮಡಚುತ್ತದೆ, ಅಂಥದ್ದು ಸಿಕ್ಕರೆ ಅಮ್ಮನೂ ಹಿಂದೆ ಕೂರಬಹುದು. ಎರಡನೆಯದು 2020ರ ಆಸುಪಾಸಿನ ಟಿಯಾಗೊ. ಡಿಕ್ಕಿ 242 ಲೀಟರ್ ಮಾತ್ರ. ಬಹುಶಃ ಎರಡೂ ಚಕ್ರ ಬಿಚ್ಚಬೇಕಾಗುತ್ತದೆ, ಹಿಂದಿನ ಚಕ್ರ ಮುಟ್ಟಿದರೆ ಕೈಯೆಲ್ಲ ಗ್ರೀಸು.

ಸೈಕಲ್ ಮಾತು ಕೇಳಿ ಅಂತ ಹೇಳಿದವನು ವ್ಯಾಗನ್‌ಆರ್ ಅನ್ನಬೇಕು, ಅಲ್ವಾ? ಆದರೂ ನಾನು ಟಿಯಾಗೊ ಅನ್ನುತ್ತೇನೆ. ಕಾರಣ ಒಂದೇ. ಕಾರುಗಳನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಟಿಯಾಗೊಗೆ 2020ರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ಸ್ಟಾರ್ ಸಿಕ್ಕಿತು. ವ್ಯಾಗನ್‌ಆರ್‌ಗೆ 2019ರಲ್ಲಿ ಎರಡು, 2023ರಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಒಂದು. ನಿಮ್ಮದು ಮೂರು ತಿಂಗಳ ಲೈಸೆನ್ಸು, ಮನೆಯಿಂದ ಹೊರಟರೆ ಸಿಗೋದು ರಾಷ್ಟ್ರೀಯ ಹೆದ್ದಾರಿ 44, ಅಲ್ಲಿ ಹೈದರಾಬಾದ್ ಲಾರಿಗಳು ಹೇಗೆ ಬರುತ್ತವೆ ಅಂತ ನಿಮಗೇ ಗೊತ್ತು. ಸೈಕಲ್ ಬಿಚ್ಚಿದರೆ ಐದು ನಿಮಿಷದಲ್ಲಿ ಮತ್ತೆ ಜೋಡಿಸಬಹುದು, ನಿಮ್ಮನ್ನು ಹಾಗೆ ಜೋಡಿಸೋಕಾಗಲ್ಲ.

ಯಾವ ಕಾರೇ ಇರಲಿ, ತಯಾರಾದ ತಿಂಗಳು ನೋಡಿ. ಮಾರಿದ ತಿಂಗಳಲ್ಲ, ತಯಾರಾದದ್ದು, ಆರ್‌ಸಿಯಲ್ಲೇ ಇರುತ್ತದೆ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗು, ಹಿಂದಿನ ಪಾರ್ಕಿಂಗ್ ಸೆನ್ಸರು ಕಡ್ಡಾಯವಾದವು, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಅದಕ್ಕೂ ಸ್ವಲ್ಪ ಮೊದಲೇ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2022ರ ಹೊತ್ತಿಗೆ. ಅಪ್ಪ ಹೇಳುವ ಹಳೇ ಆಲ್ಟೊದಲ್ಲಿ, ಬೇಸ್ ಮಾಡೆಲ್ ಆದರೆ, ಇದ್ಯಾವುದೂ ಇರದೇ ಇರಬಹುದು. ಅಪ್ಪನಿಗೆ ಹೊಸ ಕಾರೇ ಬೇಕು ಅಂತಿದ್ದರೆ ಆಲ್ಟೊ ಕೆ10 ಬೇರೆ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಅದೂ ನಿಮ್ಮ ಬಜೆಟ್ಟಿನ ಹತ್ತಿರಕ್ಕೇ ಬಂದಿದೆ. ಆದರೆ ರಸ್ತೆ ತೆರಿಗೆ, ವಿಮೆ ಸೇರಿಸಿ ನೋಡಿ, ಆಮೇಲೆ ಹೇಳಿ. ಈ ಜಿಎಸ್‌ಟಿ ಇಳಿಕೆಯಿಂದ ನಿಮಗೆ ಆಗೋ ಲಾಭ ಬೇರೆ ಕಡೆ ಇದೆ: ಹಳೇ ಕಾರು ಮಾರುವವರು ಹಿಂದಿನ ದರ ಹಿಡಿದುಕೊಂಡು ಕೂತಿದ್ದರೆ, ಹೊಸದರ ಬೆಲೆ ಇಷ್ಟಾಗಿದೆ ಅಂತ ಫೋನಲ್ಲಿ ತೋರಿಸಿ ಚೌಕಾಸಿ ಮಾಡಿ.

ಇನ್ನು ಕಾರು ನೋಡೋದು. ಬೆಳಿಗ್ಗೆ ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆಯಿರಿ, ಕೆಳಗಿನ ತಗಡು ಸುಕ್ಕಾಗಿದೆಯಾ, ಹೊಸ ವೆಲ್ಡಿಂಗ್ ಇದೆಯಾ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಅಲ್ಲಿ ಸಿಕ್ಕಿಬೀಳುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ. ಕಾರೂ 2019ರದ್ದು, ಟೈರೂ 2019ರದ್ದು ಅಂದರೆ ನಾಲ್ಕು ಟೈರಿನ ದುಡ್ಡು ಬೆಲೆಯಿಂದ ಕಳೆಯಿರಿ. ಗಾಜುಗಳ ಮೂಲೆಯಲ್ಲೂ ಇಸವಿ ಗುರುತು ಇರುತ್ತದೆ, ಒಂದೇ ಗಾಜು ಬೇರೆ ವರ್ಷದ್ದಾದರೆ ಕಥೆ ಕೇಳಿ.

ನಮ್ಮ ಕಡೆಯದ್ದೇ ಒಂದು ಪರೀಕ್ಷೆ ಇದೆ. ಮೂಗು. ಡಿಕ್ಕಿಯೊಳಗೆ ತಲೆ ಹಾಕಿ ಒಂದು ಸಲ ಉಸಿರೆಳೆಯಿರಿ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಕಾರಾದರೆ ಏನು ಸುಗಂಧ ಸಿಂಪಡಿಸಿದರೂ ಆ ವಾಸನೆ ಬಿಸಿಲಿಗೆ ಎದ್ದು ಬರುತ್ತದೆ. ಹೂವು ಹೊತ್ತದ್ದಾದರೆ ವಾಸನೆ ಪರವಾಗಿಲ್ಲ, ಆದರೆ ಒದ್ದೆ ಮೂಟೆಗಳ ನೀರು ಮ್ಯಾಟಿನಡಿ ಇಳಿದು ತುಕ್ಕು ಹಿಡಿಸಿರುತ್ತದೆ.

ಹಿಂದೂಪುರದಲ್ಲಿ ಐವತ್ತು ಸಾವಿರ ಕಡಿಮೆಗೆ ಸಿಗುತ್ತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದು ಆಂಧ್ರದ ನೋಂದಣಿ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಕೆಎ-40 ನಂಬರ್ ಬರೋವರೆಗೆ ಓಡಾಡಬೇಕು. ಐವತ್ತು ಸಾವಿರದ ಲಾಭ ದಾರೀಲೇ ಕರಗುತ್ತದೆ. ಜಿಲ್ಲೆಯೊಳಗಿನ ಕಾರು ಹುಡುಕಿ. ಮಾಲೀಕತ್ವ ಬದಲಾಯಿಸಲು ಫಾರಂ 29, 30 ಸಾಕು, ಸಾಲವಿದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಜೊತೆಗೆ. ಬಾಕಿ ದಂಡ ಇದೆಯಾ ಅಂತ ಪರಿವಾಹನ್ ವೆಬ್‌ಸೈಟಲ್ಲಿ ನಂಬರ್ ಹಾಕಿ ನೋಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಹಿಂದಿನವರಿಗೆ ಸಿಕ್ಕ ವಿಮೆ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಿಮಗೆ ಬರೋದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಬೋನಸ್ ಇದೆ ಅಂತ ಬೆಲೆ ಏರಿಸುವವರನ್ನು ನಂಬಬೇಡಿ.

ವಿಮೆ ಅಂದಾಗ ಒಂದು ಸಣ್ಣ ಲೆಕ್ಕ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ ಥರ್ಡ್ ಪಾರ್ಟಿ ವಿಮೆಗೆ (ನಿಮ್ಮ ಕಾರಿನಿಂದ ಬೇರೆಯವರಿಗಾದ ನಷ್ಟಕ್ಕೆ) 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, ಅದರ ಮೇಲೆ 1500 ಸಿಸಿವರೆಗೆ 3,416, ತೆರಿಗೆ ಬೇರೆ. ವ್ಯಾಗನ್‌ಆರ್ 1.0 ಮೊದಲ ಗುಂಪಿಗೆ, ಟಿಯಾಗೊ ಎರಡನೆಯದಕ್ಕೆ. ಸಾವಿರದ ಮುನ್ನೂರು ಚಿಲ್ಲರೆ ವ್ಯತ್ಯಾಸ. ಅದಕ್ಕೋಸ್ಕರ ಕಾರು ಬದಲಾಯಿಸಬೇಡಿ.

ಮತ್ತೆ ಇಡೀ ನಾಲ್ಕು ಲಕ್ಷ ಕಾರಿಗೇ ಸುರಿಯಬೇಡಿ. ನಲವತ್ತು ಸಾವಿರ ಪಕ್ಕಕ್ಕಿಡಿ. ಬ್ಯಾಟರಿ, ಟೈರು, ಮೊದಲ ಸರ್ವಿಸು, ಆಮೇಲೆ ಇಲಿ. ಹೌದು, ಇಲಿ. ವಾರಕ್ಕೆ ಐದು ದಿನ ನಿಂತಿರೋ ಕಾರು ಅವುಗಳಿಗೆ ಛತ್ರ. ನನ್ನ ಮೊದಲ ಕಾರಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕ ಕಡಲೆಕಾಯಿ ಸಿಪ್ಪೆಯ ಗುಡ್ಡೆ, ವೈರು ಎರಡು ತುಂಡು. ವಾರದ ನಡುವೆ ಒಂದು ದಿನವಾದರೂ ಹೊರಗೆ ತೆಗೆದು ಅರ್ಧ ಗಂಟೆ ಓಡಿಸಿ, ಬ್ಯಾಟರಿಗೂ ಒಳ್ಳೇದು.

ಪ್ರಶ್ನೆ: ಸೈಕಲ್ಲನ್ನು ಕಾರಿನೊಳಗೆ ಇಡೋದು ಮೇಲಾ, ಇಲ್ಲಾ ಹಿಂದೆ ಕ್ಯಾರಿಯರ್ ಹಾಕಿಸೋದಾ? ಒಳಗೆ ಇಟ್ಟರೆ ಸೀಟು ಹಾಳಾಗುತ್ತೆ ಅಂತ ಮನೆಯಲ್ಲಿ ಜಗಳ.
— ಗೌರಿಬಿದನೂರಿನ ಓದುಗರು

ಉತ್ತರ: ಒಂದೇ ಸೈಕಲ್ ಆದರೆ ಒಳಗೇ ಇಡಿ. ಹಿಂದಿನ ಡೋರಿಗೆ ಬೆಲ್ಟ್ ಕಟ್ಟಿ ನೇತುಹಾಕುವ ಕ್ಯಾರಿಯರ್ ಅಗ್ಗ. ಆದರೆ ಸಣ್ಣ ಕಾರಿನಲ್ಲಿ ಸೈಕಲ್ ನಂಬರ್ ಪ್ಲೇಟಿಗೂ ಹಿಂದಿನ ದೀಪಕ್ಕೂ ಅಡ್ಡ ಬರುತ್ತದೆ. ನಂಬರ್ ಮುಚ್ಚಿದರೆ ದಂಡ, ಬ್ರೇಕ್ ಲೈಟು ಮುಚ್ಚಿದರೆ ಹಿಂದಿನವರು ಗುದ್ದುತ್ತಾರೆ, ಗುದ್ದುವುದೂ ಮೊದಲು ಸೈಕಲ್ಲಿಗೇ. ಮಾಡಿನ ಮೇಲಿನ ಕ್ಯಾರಿಯರ್ ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ, ಮತ್ತೆ ಮೇಲೆ ಸೈಕಲ್ ಇದೆ ಅಂತ ರೈಲ್ವೆ ಅಂಡರ್‌ಪಾಸ್ ಕಂಡಾಗಲೆಲ್ಲ ನೆನಪಿಟ್ಟುಕೊಳ್ಳಬೇಕು.

ಸೀಟು ಹಾಳಾಗದಂತೆ ಇಡೋದು ಹೀಗೆ. ಮೊದಲು ಚೈನನ್ನು ಹಿಂದೆ ಎಲ್ಲಕ್ಕಿಂತ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಹಿಂದಿನ ಚಕ್ರ ಸುಲಭವಾಗಿ ಬರುತ್ತದೆ. ಸೈಕಲ್ ಸೀಟಿನ ಕಂಬಕ್ಕೆ ಟೇಪ್ ಸುತ್ತಿ ಎತ್ತರ ಗುರುತು ಮಾಡಿ, ಆಮೇಲೆ ಕೆಳಗಿಳಿಸಿ. ಹಳೇ ಜಮಖಾನ ಹಾಸಿ. ಚೈನ್ ಇರುವ ಬಲಮಗ್ಗುಲು ಮೇಲೆ ಬರುವ ಹಾಗೆ ಮಲಗಿಸಿ. ಸೀಟ್‌ಬೆಲ್ಟನ್ನೇ ಫ್ರೇಮಿನೊಳಗಿಂದ ತೂರಿಸಿ ಸಿಕ್ಕಿಸಿ, ಯಾಕೆಂದರೆ ಜೋರಾಗಿ ಬ್ರೇಕ್ ಹಾಕಿದರೆ ಹತ್ತು ಕೆಜಿಯ ಸೈಕಲ್ ನೇರ ನಿಮ್ಮ ಬೆನ್ನಿಗೆ ಬರುತ್ತದೆ.

ಡಿಸ್ಕ್ ಬ್ರೇಕ್ ಇರುವವರಿಗೆ ಒಂದು ಎಚ್ಚರಿಕೆ. ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಲಿವರ್ ಮುಟ್ಟಬೇಡಿ, ಎರಡು ಬ್ರೇಕ್ ಪ್ಯಾಡಿನ ಮಧ್ಯದ ಜಾಗಕ್ಕೆ ಒಂದು ಮಡಚಿದ ರಟ್ಟು ಸಿಕ್ಕಿಸಿಡಿ. ನಾನು ಒಮ್ಮೆ ಮರೆತೆ. ನಂದಿಯ ಬುಡದಲ್ಲಿ, ಬೆಳಿಗ್ಗೆ ಐದೂವರೆ, ಚಳಿ, ಸೈಕಲ್ ಹೊರಗೆಳೆಯುವಾಗ ಕೈ ಲಿವರ್ ಮೇಲೆ ಬಿತ್ತು. ಬ್ರೇಕಿನ ಎರಡೂ ಪ್ಯಾಡು ಮುತ್ತು ಕೊಟ್ಟ ಹಾಗೆ ಅಂಟಿಕೊಂಡವು, ಡಿಸ್ಕ್ ಒಳಗೇ ಹೋಗದು. ಜೊತೆಗಿದ್ದವರು ಹೊರಟೇಬಿಟ್ಟರು. ಕೊನೆಗೆ ಟೀ ಅಂಗಡಿಯವರ ಚಮಚ ಇಸಕೊಂಡು, ಅದರ ಹಿಡಿಯಿಂದ ಇಪ್ಪತ್ತು ನಿಮಿಷ ಮೀಟಿ ಮೀಟಿ ಬಿಡಿಸಿದೆ. ಆ ಚಮಚವನ್ನು ಅವರು ವಾಪಸ್ ತಗೊಳ್ಳಲಿಲ್ಲ, ಈಗಲೂ ನನ್ನ ಡ್ಯಾಶ್‌ಬೋರ್ಡಿನ ಡ್ರಾಯರಲ್ಲಿದೆ.

ಪ್ರಶ್ನೆ: ಹತ್ತು ವರ್ಷ ಸೈಕಲ್ ತುಳಿದಿದ್ದೇನೆ, ಕಾರು ಓಡಿಸಲು ಅದು ಏನಾದರೂ ಉಪಯೋಗಕ್ಕೆ ಬರುತ್ತಾ?
— ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ತುಂಬಾ ಬರುತ್ತದೆ. ಗುಂಡಿ, ಮರಳು, ಬಣ್ಣ ಮಾಸಿದ ಹಂಪು, ಇವು ನಿಮ್ಮ ಕಣ್ಣಿಗೆ ಬೇರೆಯವರಿಗಿಂತ ಮೊದಲು ಬೀಳುತ್ತವೆ. ನಿಂತ ಕಾರಿನ ಡೋರು ದಿಢೀರ್ ತೆರೆದಾಗ ಎದೆ ಹೇಗೆ ಝಲ್ ಅನ್ನುತ್ತೆ ಅಂತ ಗೊತ್ತಿದೆಯಲ್ಲ, ಹಾಗಾಗಿ ನೀವು ಇಳಿಯುವಾಗ ಬಲಗಡೆಯ ಡೋರನ್ನು ಎಡಗೈಯಿಂದ ತೆಗೆಯಿರಿ. ಮೈ ತಾನಾಗಿಯೇ ತಿರುಗುತ್ತದೆ, ಹಿಂದಿನಿಂದ ಬರೋ ಸೈಕಲ್ ಕಾಣುತ್ತದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಂಥ ಕಡೆ ಇದು ದಿನಾ ಬೇಕು.

ಬರದೇ ಇರೋದು ಎರಡು. ಒಂದು, ಕಾರಿನ ಎಡ ಅಂಚು ಎಲ್ಲಿದೆ ಅನ್ನೋ ಅಂದಾಜು. ಸೈಕಲ್ಲಿನಲ್ಲಿ ನೀವೇ ನಿಮ್ಮ ಅಂಚು. ಖಾಲಿ ಮೈದಾನದಲ್ಲಿ ಎರಡು ಬಾಟಲಿ ಇಟ್ಟು ಅಭ್ಯಾಸ ಮಾಡಿ. ಇನ್ನೊಂದು, ಬೆಟ್ಟ ಇಳಿಯೋದು. ಸೈಕಲ್ಲಿನಲ್ಲಿ ಬ್ರೇಕ್ ಹಿಡಿದು ಬಿಟ್ಟು ಇಳಿಯುತ್ತೀರಿ. ಕಾರಿನಲ್ಲಿ ಮೊದಲೇ ಎರಡನೇ ಗೇರಿಗೆ ಹಾಕಿ, ಎಂಜಿನ್ನೇ ಹಿಡಿದುಕೊಳ್ಳಲಿ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತೆ ಅನ್ನೋರ ಪಕ್ಕ ಕೂರಲೂ ಬೇಡಿ.

ಪ್ರಶ್ನೆ: ಸೈಕಲ್ಲಿನ ಫ್ಲೋರ್ ಪಂಪಿನಿಂದ ಕಾರಿನ ಟೈರಿಗೆ ಗಾಳಿ ಹೊಡೆಯಬಹುದಾ?
— ಶಿಡ್ಲಘಟ್ಟದ ಒಬ್ಬ ಕುತೂಹಲಿ

ಉತ್ತರ: ಹೊಡೆಯಬಹುದು. ಕಾರಿನದ್ದು ದಪ್ಪ ಶ್ರೇಡರ್ ವಾಲ್ವ್, ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲುಗಳಲ್ಲಿ ಜಾಸ್ತಿ ಕಾಣೋದೂ ಅದೇ. ರೋಡ್ ಬೈಕಿನ ಸಪೂರ ಪ್ರೆಸ್ಟಾ ವಾಲ್ವ್ ಬೇರೆ, ಪಂಪಿನ ತಲೆ ಬದಲಿಸಬೇಕು. ರೋಡ್ ಬೈಕಿಗೆ 90 ಪಿಎಸ್‌ಐ ಹೊಡೆಯುವವರಿಗೆ ಕಾರಿನ 33 ಏನು ಮಹಾ ಅನ್ನಿಸುತ್ತದೆ. ಮೊನ್ನೆ ಒಂದು ಟೈರನ್ನು 27ರಿಂದ 33ಕ್ಕೆ ಏರಿಸೋಣ ಅಂತ ಕೂತೆ. ಎಂಬತ್ತರವರೆಗೆ ಎಣಿಸಿದ್ದು ನೆನಪಿದೆ, ಆಮೇಲೆ ಪಕ್ಕದ ಮನೆ ಹುಡುಗನನ್ನು ಕರೆದೆ.