ಪೊಲೀಸರ ಹಳೆಯ ಪಿಸ್ತೂಲು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಸಮೀಪದ ಚಿಕ್ಕ ನಗರವೊಂದರಲ್ಲಿ ಒಂಬತ್ತು ವರ್ಷಗಳಿಂದ ನೆಲೆಸಿದ್ದೇವೆ. ಇಲ್ಲಿನ ಸಿಟಿ ಕೌನ್ಸಿಲಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪೊಲೀಸ್ ಇಲಾಖೆಯ ಹನ್ನೆರಡು ವರ್ಷ ಹಳೆಯ 140 ಪಿಸ್ತೂಲುಗಳನ್ನು ಮಾರಾಟಗಾರರಿಗೆ ಒಪ್ಪಿಸಿ, ಟೆಂಡರ್ ಕರೆಯದೆ ಸಹಕಾರಿ ಒಪ್ಪಂದದ ಮೂಲಕ ಹೊಸದನ್ನು ಕೊಳ್ಳುವ ಪ್ರಸ್ತಾವವಿದೆ. ಕೆಲಸ ಮಾಡುತ್ತಿರುವ ಆಯುಧವನ್ನು ಬದಲಿಸುವುದು ದುಂದುವೆಚ್ಚವಲ್ಲವೇ? ಟೆಂಡರ್ ಇಲ್ಲದ ಖರೀದಿ ಕಾನೂನಿಗೆ ಸರಿಯೇ? ಸಭೆಯಲ್ಲಿ ಮೂರು ನಿಮಿಷ ಮಾತನಾಡಬಹುದಂತೆ. ಏನನ್ನು ಕೇಳಬೇಕು?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಊರಿನಲ್ಲಿರುವ ಓದುಗರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡೀತು. ಕರ್ನಾಟಕದಲ್ಲಿ ಪೊಲೀಸರು ರಾಜ್ಯದ ಗೃಹ ಇಲಾಖೆಗೆ ಸೇರಿದವರು. ಅವರ ಸೊಂಟದ ಪಿಸ್ತೂಲಿನ ವಿಷಯದಲ್ಲಿ ಪಾಲಿಕೆಯ ಸದಸ್ಯರಿಗೆ ಯಾವ ಅಧಿಕಾರವೂ ಇಲ್ಲ. ಅಮೆರಿಕದಲ್ಲಿರುವ ಸುಮಾರು 18,000 ಪೊಲೀಸ್ ಸಂಸ್ಥೆಗಳಲ್ಲಿ ಬಹುಪಾಲು ಸ್ಥಳೀಯವಾದವು. ಹಾಗಾಗಿ ರಸ್ತೆಯ ಡಾಂಬರು, ಗ್ರಂಥಾಲಯದ ಕುರ್ಚಿ, ಪೊಲೀಸರ ಪಿಸ್ತೂಲು ಎಲ್ಲವೂ ನಗರದ ಒಂದೇ ಖರೀದಿ ವಿಭಾಗದ ಮೇಜಿನ ಮೇಲೆ ಹಾದು ಬರುತ್ತವೆ.

ಟೆಂಡರಿನ ಪ್ರಶ್ನೆಗೆ ಉತ್ತರ ಸುಲಭ. ಸಹಕಾರಿ ಒಪ್ಪಂದದಲ್ಲಿ ಮತ್ತೊಂದು ಸರ್ಕಾರಿ ಸಂಸ್ಥೆಯೋ ಸಂಘವೋ ಮೊದಲೇ ಟೆಂಡರ್ ಕರೆದು ದರ ನಿಗದಿ ಮಾಡಿಕೊಂಡಿರುತ್ತದೆ; ಸದಸ್ಯ ನಗರಗಳು ಅದೇ ದರದಲ್ಲಿ ಕೊಳ್ಳುತ್ತವೆ. ಟೆಕ್ಸಾಸಿನಲ್ಲಿ ಶಾಲಾ ಮಂಡಳಿಗಳ ಸಂಘ ನಡೆಸುವ ‘ಬೈಬೋರ್ಡ್’ ಮತ್ತು ಹ್ಯೂಸ್ಟನ್ ಪ್ರದೇಶದ ‘ಎಚ್‌ಜಿಎಸಿಬೈ’ ಇಂಥವೇ. ಹೀಗೆ ಕೊಂಡರೆ ಸ್ಪರ್ಧಾತ್ಮಕ ಟೆಂಡರಿನ ಷರತ್ತು ಪೂರೈಸಿದಂತೆಯೇ ಎಂದು ಅಲ್ಲಿನ ಸ್ಥಳೀಯ ಸರ್ಕಾರಗಳ ಸಂಹಿತೆಯ 271ನೇ ಅಧ್ಯಾಯ ಹೇಳುತ್ತದೆ. ಆದರೆ ಇಂಥ ದರ ಎಷ್ಟೋ ಸಲ ತಯಾರಕರ ಬೆಲೆಪಟ್ಟಿಯ ಮೇಲೆ ಇಂತಿಷ್ಟು ರಿಯಾಯಿತಿ ಎಂಬ ರೂಪದಲ್ಲಿರುತ್ತದೆ. ಅದಕ್ಕಿಂತ ಕಡಿಮೆಗೆ ಕೇಳಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ, ಎರಡು ಮೂರು ಕಡೆಯ ದರಪಟ್ಟಿ ತರಿಸಿದ್ದಾರೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಇನ್ನು ಹಳತಾಗುವ ಮಾತು. ಗಸ್ತಿನ ಪೊಲೀಸರ ಪಿಸ್ತೂಲು ಹಾರಿದ್ದಕ್ಕಿಂತ ಹೊತ್ತು ತಿರುಗಿದ್ದೇ ಹೆಚ್ಚು. ಹೋಲ್‌ಸ್ಟರಿಗೆ, ಅಂದರೆ ಸೊಂಟದ ಪಿಸ್ತೂಲು ಚೀಲಕ್ಕೆ, ಉಜ್ಜಿ ಉಜ್ಜಿ ಮೂತಿಯ ಅಂಚಿನ ಕಪ್ಪು ಬಣ್ಣ ಹೋಗಿ ಬಿಳಿಯ ಉಕ್ಕು ಕಾಣುತ್ತಿರುತ್ತದೆ. ಒಳಗಿನ ನಳಿಗೆ ಮಾತ್ರ ಇನ್ನೂ ಸಾವಿರಾರು ಗುಂಡುಗಳಿಗೆ ಸಾಕಾಗುವಷ್ಟು ಗಟ್ಟಿಯಾಗಿರುತ್ತದೆ. ಮೊದಲು ಸೋಲುವುದು ಸ್ಪ್ರಿಂಗುಗಳು. ಆಮೇಲೆ ಕತ್ತಲಲ್ಲಿ ಗುರಿ ಕಾಣಲೆಂದು ಕೂಡಿಸಿದ, ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆಗಳು. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷವಾದ್ದರಿಂದ ನಿಮ್ಮೂರಿನ ಪಿಸ್ತೂಲುಗಳಲ್ಲಿ ಮೊದಲಿನ ಕೊಳವೆಗಳೇ ಇದ್ದರೆ ಅವುಗಳ ಹಸಿರು ಚುಕ್ಕೆ ಈಗ ಸುಮಾರು ಅರ್ಧ ಮಂಕಾಗಿರಬೇಕು. ಇವೆರಡನ್ನೂ ಪಿಸ್ತೂಲನ್ನು ಉಳಿಸಿಕೊಂಡೇ ಬದಲಿಸಬಹುದು. ಆದ್ದರಿಂದ ‘ಹನ್ನೆರಡು ವರ್ಷವಾಯಿತು’ ಎಂಬುದೊಂದೇ ಕಾರಣವಾದರೆ ನನಗಂತೂ ಅದು ಸಾಲದು.

ಬೇರೆ ಗಟ್ಟಿ ಕಾರಣ ಇರಬಹುದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ಆ ಸಂಸ್ಥೆ ಇನ್ನಷ್ಟು ಬಲವಾದ ಗುಂಡಿಗಾಗಿ ಹುಡುಕಾಡಿತು. ಅದರ ಫಲವಾಗಿ 1990ರಲ್ಲಿ ಪಾಯಿಂಟ್ 40 ಕ್ಯಾಲಿಬರಿನ (ಸುಮಾರು 0.40 ಇಂಚು ವ್ಯಾಸದ) ಗುಂಡು ಬಂದಿತು, ದೇಶದ ಪೊಲೀಸ್ ಇಲಾಖೆಗಳು ಒಂದರ ಹಿಂದೊಂದು ಅದಕ್ಕೆ ಬದಲಾದವು. ಆ ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುವುದು ಜಾಸ್ತಿ; ಕೈಗೂ ಪಿಸ್ತೂಲಿಗೂ ಪೆಟ್ಟು ಹೆಚ್ಚು. ಅಷ್ಟರಲ್ಲಿ 9 ಮಿಲಿಮೀಟರ್ ಗುಂಡುಗಳೂ ಸುಧಾರಿಸಿದವು. ಎಫ್‌ಬಿಐ ಮತ್ತೆ ಅದಕ್ಕೇ ಮರಳಿ 2016ರಲ್ಲಿ ಗ್ಲಾಕ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ನಿಮ್ಮ ನಗರದ ಪಿಸ್ತೂಲುಗಳು ಪಾಯಿಂಟ್ 40 ಆಗಿದ್ದರೆ, ಅಥವಾ ಈಗ ಎಲ್ಲೆಡೆ ಬರುತ್ತಿರುವ ಕೆಂಪು ಚುಕ್ಕೆಯ ಗುರಿದರ್ಶಕವನ್ನು ಕೂಡಿಸಲು ಅವುಗಳಲ್ಲಿ ಜಾಗವೇ ಇಲ್ಲದಿದ್ದರೆ, ಬದಲಾವಣೆಯನ್ನು ದುಂದು ಎನ್ನಲಾಗದು. ಆಗ ಲೆಕ್ಕವನ್ನು ಪೂರ್ತಿ ಕೇಳಿ: ಗುರಿದರ್ಶಕ ಬಂದರೆ ಹೋಲ್‌ಸ್ಟರೂ ಹೊಸದು ಬೇಕು, ತರಬೇತಿಗೆ ಗುಂಡು ಬೇಕು, ತರಬೇತಿಯ ದಿನ ಗಸ್ತಿಗೆ ಬದಲಿ ಸಿಬ್ಬಂದಿ ಬೇಕು. ಪ್ರಸ್ತಾವದಲ್ಲಿ ಇವು ಬೇರೆ ಬೇರೆ ಶೀರ್ಷಿಕೆಗಳಡಿ ಹರಿದು ಹಂಚಿಹೋಗಿರುವುದುಂಟು.

ನಿಮ್ಮ ಮೂರು ನಿಮಿಷದಲ್ಲಿ ಎರಡನ್ನಾದರೂ ಹಳೆಯ 140 ಪಿಸ್ತೂಲುಗಳಿಗಾಗಿ ಮೀಸಲಿಡಿ ಎಂಬುದು ನನ್ನ ಸಲಹೆ. ಹಳೆಯ ಪಾತ್ರೆ ಕೊಟ್ಟು ಹೊಸ ಪಾತ್ರೆ ಪಡೆದಂತೆ, ಹಳೆಯ ಪಿಸ್ತೂಲಿಗೆ ಇಂತಿಷ್ಟು ಎಂದು ಬಿಲ್ಲಿನಲ್ಲಿ ಕಳೆಯುತ್ತಾರೆ. ಪಾತ್ರೆಯಾದರೆ ಕರಗಿಸಲು ಹೋಗುತ್ತದೆ. ಪಿಸ್ತೂಲು ಲೈಸೆನ್ಸ್ ಇರುವ ಮಾರಾಟಗಾರರ ಅಂಗಡಿಗೆ ಹೋಗಿ, ಒರೆಸಿ ಎಣ್ಣೆ ಹಚ್ಚಿಸಿಕೊಂಡು, ‘ಪೊಲೀಸರು ಬಳಸಿದ್ದು’ ಎಂಬ ಹೆಗ್ಗಳಿಕೆಯೊಂದಿಗೆ ಮತ್ತೆ ಮಾರಾಟಕ್ಕೆ ಕೂರುತ್ತದೆ. ಅಂಗಡಿಯಲ್ಲಿ ಕೊಳ್ಳುವವರ ಹಿನ್ನೆಲೆ ತಪಾಸಣೆ ಇದೆ. ಆದರೆ ಅವರು ಅದನ್ನು ತಮ್ಮದೇ ರಾಜ್ಯದ ಇನ್ನೊಬ್ಬರಿಗೆ ಖಾಸಗಿಯಾಗಿ ಮಾರಿದರೆ ಟೆಕ್ಸಾಸಿನಲ್ಲಿ ತಪಾಸಣೆ ಕಡ್ಡಾಯವಲ್ಲ. ಹಿಂದೆ ಪೊಲೀಸರ ಬಳಿ ಇದ್ದ 52 ಸಾವಿರಕ್ಕೂ ಹೆಚ್ಚು ಬಂದೂಕುಗಳು 2006ರಿಂದೀಚೆಗೆ ಅಪರಾಧ ಪ್ರಕರಣಗಳಲ್ಲಿ ಪತ್ತೆಯಾಗಿವೆ ಎಂದು ಸಿಬಿಎಸ್ ನ್ಯೂಸ್, ದಿ ಟ್ರೇಸ್ ಮತ್ತು ರಿವೀಲ್ ಸುದ್ದಿ ಸಂಸ್ಥೆಗಳು ಕೇಂದ್ರದ ಆಯುಧ ನಿಯಂತ್ರಣ ಸಂಸ್ಥೆಯ ದಾಖಲೆಗಳನ್ನು ಕಲೆಹಾಕಿ 2024ರಲ್ಲಿ ವರದಿ ಮಾಡಿದವು. ಕಳುವಾದವೂ ಅದರಲ್ಲಿ ಸೇರಿರಬಹುದಾದರೂ, ಇಲಾಖೆಗಳೇ ಮಾರಿದವು ಹೇರಳವಾಗಿದ್ದವು.

ಹಾಗಾದರೆ ಮಾರದೆ ನಾಶ ಮಾಡಿದರೆ ನಗರಕ್ಕೆ ಎಷ್ಟು ನಷ್ಟ? ಒಂದು ಅಂದಾಜು ಮಾಡೋಣ. ಹಳೆಯದೊಂದಕ್ಕೆ 200 ಡಾಲರ್ ಕಳೆಯುತ್ತಾರೆ ಎಂದುಕೊಂಡರೆ 140ಕ್ಕೆ 28,000 ಡಾಲರ್. ಹೊಸ ಪಿಸ್ತೂಲು, ಗುರಿದರ್ಶಕ, ಹೋಲ್‌ಸ್ಟರ್ ಸೇರಿ ತಲಾ 950 ಡಾಲರ್ ಎಂದುಕೊಂಡರೆ ಒಟ್ಟು 1,33,000. ನಿಮ್ಮ ಪ್ರಸ್ತಾವದ ನಿಜವಾದ ಅಂಕಿಗಳನ್ನು ಇದರಲ್ಲಿ ಕೂರಿಸಿ ನೋಡಿ. ಐದರಲ್ಲೊಂದು ಪಾಲಿಗಾಗಿ ಆ 140 ಪಿಸ್ತೂಲುಗಳ ಮುಂದಿನ ದಾರಿಯನ್ನು ನಗರ ಕೈಬಿಡಬೇಕೇ ಎಂಬುದನ್ನು ಕೌನ್ಸಿಲ್ ಗೊತ್ತಿದ್ದೇ ತೀರ್ಮಾನಿಸಲಿ, ಬಿಲ್ಲಿನ ಒಂದು ಸಾಲಿನಲ್ಲಿ ಸದ್ದಿಲ್ಲದೆ ಆಗಿಹೋಗುವುದು ಬೇಡ.

ನಾಶ ಮಾಡುತ್ತೇವೆ ಎಂದು ಅವರು ಒಪ್ಪಿದರೂ ಇನ್ನೊಂದು ಮಾತು ಕೇಳಬೇಕು. ಅಮೆರಿಕದ ಕಾನೂನಿನಲ್ಲಿ ಬಂದೂಕು ಎನಿಸಿಕೊಳ್ಳಲು ಕ್ರಮಸಂಖ್ಯೆ ಇರುವ ಮೂಲ ಚೌಕಟ್ಟೊಂದೇ ಸಾಕು. ಗ್ಲಾಕ್ ಪಿಸ್ತೂಲಿನಲ್ಲಿ ಆ ಚೌಕಟ್ಟು ಪ್ಲಾಸ್ಟಿಕ್ಕಿನದು; ಕ್ರಮಸಂಖ್ಯೆ ಅದಕ್ಕೆ ಹುದುಗಿಸಿದ ಪುಟ್ಟ ಲೋಹದ ಪಟ್ಟಿಯ ಮೇಲಿರುತ್ತದೆ. ಕೆಲವು ಕಂಪನಿಗಳು ಆ ಚೌಕಟ್ಟನ್ನಷ್ಟೇ ಪುಡಿ ಮಾಡಿ, ಉಳಿದ ನಳಿಗೆ, ಸ್ಲೈಡ್, ಸ್ಪ್ರಿಂಗುಗಳನ್ನು ಬಿಡಿಭಾಗಗಳ ಕಿಟ್ ಆಗಿ ಮಾರುತ್ತಿದ್ದ ಸಂಗತಿಯನ್ನು 2023ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಹೊರಗೆಡವಿತು. ಆದ್ದರಿಂದ ‘ಇಡೀ ಪಿಸ್ತೂಲನ್ನು’ ಎಂಬ ಪದಗಳು ಒಪ್ಪಂದದಲ್ಲಿ ಇರಲಿ.

ಮಾರಾಟಗಾರರ ಆಯ್ಕೆಯಲ್ಲೂ ನಗರಕ್ಕೆ ಹಿಡಿತವಿದೆ. ನ್ಯೂಜೆರ್ಸಿಯ ಜೆರ್ಸಿ ಸಿಟಿ 2018ರಲ್ಲಿ ಪೊಲೀಸರ ಬಂದೂಕಿಗೆ ಬಿಡ್ ಸಲ್ಲಿಸಿದವರಿಗೆಲ್ಲ, ಮಾರಿದ ಆಯುಧ ಅಪರಾಧಿಗಳ ಕೈ ಸೇರದಂತೆ ಏನು ಮಾಡುತ್ತೀರಿ ಎಂಬ ಪ್ರಶ್ನಾವಳಿ ಕೊಟ್ಟಿತ್ತು. ಸಹಕಾರಿ ಒಪ್ಪಂದದ ಮೂಲಕ ಕೊಳ್ಳುವ ನಗರವೂ ಅಂಥ ಪ್ರಶ್ನಾವಳಿಯನ್ನು ಕಳಿಸಬಹುದು.

ಕೊನೆಗೆ, ಸಭೆಯ ವೇಳೆಯ ಬಗ್ಗೆ ಎಚ್ಚರವಿರಲಿ. ಇಂಥ ಖರೀದಿಗಳನ್ನು ಸಾಮಾನ್ಯವಾಗಿ ‘ಕನ್ಸೆಂಟ್ ಅಜೆಂಡಾ’ ಎಂಬ ಗಂಟಿನಲ್ಲಿ ಸೇರಿಸಿ, ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಮುಗಿಸುತ್ತಾರೆ. ಟೆಕ್ಸಾಸಿನ 2019ರ ಕಾನೂನಿನಂತೆ ಕಾರ್ಯಸೂಚಿಯ ಯಾವ ವಿಷಯದ ಮೇಲಾದರೂ ಅದನ್ನು ಕೈಗೆತ್ತಿಕೊಳ್ಳುವ ಮೊದಲು ಅಥವಾ ಆ ಹೊತ್ತಿನಲ್ಲಿ ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಲೇಬೇಕು. ಅದಕ್ಕೂ ಮುನ್ನ ನಿಮ್ಮ ವಾರ್ಡಿನ ಸದಸ್ಯರಿಗೆ ಎರಡು ಸಾಲು ಬರೆದು, ಈ ವಿಷಯವನ್ನು ಗಂಟಿನಿಂದ ಹೊರತೆಗೆದು ಪ್ರತ್ಯೇಕವಾಗಿ ಮತಕ್ಕೆ ಹಾಕುವಂತೆ ಕೋರಿ. ಒಬ್ಬ ಸದಸ್ಯರು ಕೇಳಿದರೂ ಸಾಮಾನ್ಯವಾಗಿ ಅದು ಆಗುತ್ತದೆ.