ಯಮಹಾ ಎಫ್‌ಜೆಆರ್ 1300 ಬೈಕ್: ಬಿಸಿಯಾದಾಗ ಕ್ಲಚ್ ಲಿವರ್ ಮೆತ್ತಗಾಗುವ ಬಗ್ಗೆ

ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಕಳೆದ ಮೇಲೆ ಲಿವರ್ ಮೆತ್ತಗಾಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ ಅಂದಿದ್ದೀರಿ. ಇದರ ಕ್ಲಚ್ ಹೈಡ್ರಾಲಿಕ್, ಅಂದರೆ ಕೇಬಲ್ ಬದಲು ಪೈಪ್‌ನಲ್ಲಿರುವ ದ್ರವದ (ಫ್ಲೂಯಿಡ್) ಒತ್ತಡದಿಂದ ಕೆಲಸ ಮಾಡುತ್ತದೆ. ತೊಂದರೆಗೆ ಕಾರಣ ಬಹುಮಟ್ಟಿಗೆ ಹಳೆಯ ಫ್ಲೂಯಿಡ್, ಇಲ್ಲವೇ ಆ ಪೈಪ್‌ನಲ್ಲಿ ಸೇರಿದ ಗಾಳಿ. ಸುಮ್ನೆ ಕ್ಲಚ್ ಪ್ಲೇಟ್ ಬಿಚ್ಚಿಸಬೇಡಿ. ಕೇಬಲ್ ಕ್ಲಚ್‌ನ ಹಾಗೆ ಇದರಲ್ಲಿ ಬಿಗಿ ಮಾಡಲು ಏನೂ ಇಲ್ಲ. ಲಿವರ್ ಬಳಿಯ ಚಕ್ರ ಬೆರಳಿಗೆ ಎಟುಕುವ ದೂರವನ್ನಷ್ಟೇ ಬದಲಿಸುತ್ತದೆ.

ಮೊದಲು ಎಡ ಹ್ಯಾಂಡಲ್ ಮೇಲಿನ ಡಬ್ಬಿ ನೋಡಿ. ಫ್ಲೂಯಿಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿ, ಇದಕ್ಕೆ ಹಾಕುವ ಡಾಟ್ 4 ಫ್ಲೂಯಿಡ್ ಪೇಂಟ್ ತಿಂದುಹಾಕುತ್ತದೆ. ಕೆಳಗೆ ಎಂಜಿನ್ ಬಳಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಇದೆ, ಅದರ ಬ್ಲೀಡ್ ನಿಪ್ಪಲ್‌ಗೆ (ಗಾಳಿ, ಫ್ಲೂಯಿಡ್ ಹೊರಬಿಡುವ ಸಣ್ಣ ಸ್ಕ್ರೂ) ಪೈಪ್ ಸಿಕ್ಕಿಸಿ. ಲಿವರ್ ಒತ್ತಿ ಹಿಡಿಯಿರಿ, ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಹೊಸ ಫ್ಲೂಯಿಡ್ ಗುಳ್ಳೆಯಿಲ್ಲದೆ ಬರುವವರೆಗೂ ಇದೇ ಕೆಲಸ. ಡಬ್ಬಿ ಮಾತ್ರ ಖಾಲಿಯಾಗಲು ಬಿಡಬೇಡಿ. ನಾನು ಒಮ್ಮೆ ಬಿಟ್ಟು ಇಡೀ ಭಾನುವಾರ ಕಳೆದುಕೊಂಡೆ.

ಇನ್ನೂ ಮೆತ್ತಗಿದ್ದರೆ ಲಿವರ್ ಅನ್ನು ರಾತ್ರಿಯಿಡೀ ಹ್ಯಾಂಡಲ್‌ಗೆ ಕಟ್ಟಿಡಿ, ಉಳಿದ ಗುಳ್ಳೆಗಳು ಎಷ್ಟೋ ಸಲ ತಾವೇ ಮೇಲೆ ಬರುತ್ತವೆ. ಫ್ಲೂಯಿಡ್ ಮಟ್ಟ ಇಳಿಯುತ್ತಲೇ ಇದ್ದರೆ ಸ್ಲೇವ್ ಸಿಲಿಂಡರ್ ಸುತ್ತ ಒದ್ದೆ ಇದೆಯಾ ನೋಡಿ, ಅಲ್ಲಿನ ಸೀಲ್ ಹೋಗಿರುತ್ತದೆ. ಮಟ್ಟ ಇಳಿಯದೆಯೂ, ಲಿವರ್ ಒತ್ತಿ ಹಿಡಿದಾಗ ಬೈಕ್ ಮೆಲ್ಲಗೆ ಮುಂದೆ ಎಳೆದರೆ ಲಿವರ್ ಬಳಿ ಫ್ಲೂಯಿಡ್ ಒತ್ತುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಹೋಗಿರಬಹುದು. ಅದನ್ನು ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾಗದು.