ರೇನ್ ಚೆಕ್ ಅಂದರೆ ಬರಲ್ಲ ಅಂತಲ್ಲ

ತಮ್ಮಾ, ಅಮೆರಿಕದ ಕೊಲಂಬಸ್‌ಗೆ ಬಂದು ತಿಂಗಳೂ ಆಗಿಲ್ಲ, ಆಗಲೇ ಮನಸ್ಸಿಗೆ ಹಚ್ಚಿಕೊಂಡಿದ್ದೀಯ. ಆಫೀಸಿನ ಗೆಳೆಯನನ್ನು ಭಾನುವಾರದ ಊಟಕ್ಕೆ ಕರೆದರೆ ‘ರೇನ್ ಚೆಕ್’ ಅಂದನಂತೆ. ‘ನಯವಾಗಿ ಬೇಡ ಅಂದನಾ ಅಣ್ಣಾ’ ಅಂತ ಕೇಳಿದ್ದೀಯ. ಅಷ್ಟಕ್ಕೇ ಹಾಗೆ ಅಂದುಕೊಳ್ಳಬೇಡ. ಈ ಸಲ ಆಗಲ್ಲ, ಇನ್ನೊಂದು ದಿನ ಬರ್ತೀನಿ ಅಂದಿದ್ದಾನೆ.

ಇದು ಬೇಸ್‌ಬಾಲ್ ಮೈದಾನದ ಮಾತು. 1880ರ ದಶಕದಿಂದಲೂ ಇಲ್ಲಿ ಮಳೆಗೆ ಆಟ ನಿಂತರೆ ದುಡ್ಡು ಕೊಟ್ಟು ಬಂದವರಿಗೆ ಇನ್ನೊಂದು ಪಂದ್ಯಕ್ಕೆ ಚೀಟಿ ಕೊಡುತ್ತಿದ್ದರು. 2025ರ ಮೇನಲ್ಲಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಕೆಕೆಆರ್ ಪಂದ್ಯ ಒಂದು ಚೆಂಡೂ ಬೀಳದೆ ರದ್ದಾದಾಗ ದುಡ್ಡು ವಾಪಸ್ ಕೊಟ್ಟರಲ್ಲ, ಇಲ್ಲಿ ದುಡ್ಡಿನ ಬದಲು ಮತ್ತೆ ಬರುವ ಹಕ್ಕು. ದಿನಸಿ ಅಂಗಡಿಯಲ್ಲಿ ಸೇಲ್‌ಗಿಟ್ಟ ಸಾಮಾನು ಖಾಲಿಯಾಗಿದ್ದರೂ ರೇನ್ ಚೆಕ್ ಕೇಳಿ ನೋಡು. ಕೊಡುವ ಅಂಗಡಿಯಾದರೆ ಆಮೇಲೆ ಅದೇ ರೇಟಿಗೆ ಸಿಗುತ್ತದೆ.

ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಟ್ಟುಕೋ. ನಾನು ಬಂದ ಹೊಸದರಲ್ಲಿ ಅಮ್ಮ ತುಮಕೂರಿನಿಂದ ಬಂದಿದ್ದರು. ಪಕ್ಕದ ಮನೆಯ ಹಿರಿಯ ಹೆಂಗಸು ಬಾಗಿಲಿಗೇ ಬಂದು ಚಹಾಕ್ಕೆ ಕರೆದರು. ಅಮ್ಮ ನಮ್ಮ ಕಡೆಯ ಉಪಚಾರದಂತೆ ‘ಅಯ್ಯೋ, ಇವತ್ತು ಬೇಡ ಬಿಡಿ, ಇನ್ನೊಂದಿನ ಬಂದರಾಯ್ತು’ ಅಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ರೇನ್ ಚೆಕ್ ಅಂತ ಹೇಳಿದೆ. ಆಕೆ ‘ಯಾವಾಗ ಬೇಕಾದರೂ ಬನ್ನಿ’ ಅಂತ ಹೋದರು. ಎರಡನೇ ಸಲ ಕರೆಯುತ್ತಾರೆ ಅಂತ ಅಮ್ಮ ಚಕ್ಕುಲಿ ಕರಿದು, ಡಬ್ಬಿಗೆ ಪೇಪರ್ ಹಾಸಿ ತುಂಬಿಸಿಟ್ಟರು. ಆಕೆ ಅಲ್ಲಿ ನಾವು ದಿನ ಹೇಳುತ್ತೇವೆ ಅಂತ ಕಾದಿರಬೇಕು. ಅಮ್ಮನ ವೀಸಾ ಮುಗಿಯಿತು, ಹೊರಟುಬಿಟ್ಟರು. ಅವರಿಬ್ಬರೂ ಒಂದು ಮಧ್ಯಾಹ್ನ ಜೊತೆ ಕೂರಲಿಲ್ಲವಲ್ಲ ಅನ್ನುವ ಕೊರಗು ನನಗೆ ಇವತ್ತಿಗೂ ಹೋಗಿಲ್ಲ. ಇಲ್ಲಿ ಯಾರೂ ಮೂರು ಸಲ ಒತ್ತಾಯ ಮಾಡಲ್ಲ ತಮ್ಮಾ. ರೇನ್ ಚೆಕ್ ಅಂದವರೇ ಮುಂದೆ ಬಂದು ದಿನ ಹೇಳಬೇಕು.

ಹಾಗಂತ ನೀನು ಸುಮ್ಮನೆ ಕೂರಬೇಡ. ಹದಿನೈದು ದಿನ ಬಿಟ್ಟು ತಾರೀಖು, ಹೊತ್ತು ಎರಡೂ ಹೇಳಿ ಇನ್ನೊಂದು ಸಲ ಕರೆ. ಆಗಲೂ ಜಾರಿಕೊಂಡರೆ ಅದು ಬರೀ ಮರ್ಯಾದೆಯ ಮಾತು ಅಂತ ತಿಳಿದು ಬಿಟ್ಟುಬಿಡು, ಬೇಜಾರು ಬೇಡ. ಮ್ಯಾನೇಜರ್ ಕೆಲಸ ಹೇಳಿದಾಗ ಮಾತ್ರ ಈ ಮಾತು ಆಡಬೇಡ. ಇದು ಊಟ, ಕಾಫಿ, ಸಿನಿಮಾದ ಮಾತು.

ಚಳಿಗಾಲದ ಜಾಕೆಟ್ ಇಲ್ಲೇ ತಗೋ, ಊರಿಂದ ತರಿಸೋದು ದಂಡ. ಸಾರಿನ ಪುಡಿ ಮಾತ್ರ ಅಮ್ಮನ ಕೈಯಲ್ಲೇ ಮಾಡಿಸಿ ತರಿಸಿಕೋ. ಅವನು ಊಟಕ್ಕೆ ಬಂದಾಗ ಖಾರ ಸ್ವಲ್ಪ ಕಡಿಮೆ ಹಾಕು.